ಮಿಂಚುಳ್ಳಿಯ ಅರ್ಧ ಪುಟ

"ಯಾರು ನೀನು? ಯಾರ ಅಪ್ಪಣೆ ತಗೊಂಡು ಈ ಬಾಗಿಲಿಗೆ ಬಂದೆ?"

ಅರ್ಧ ಎತ್ತಿದ್ದ ಗ್ಯಾರೇಜ್ ಶಟರ್ ಕೆಳಗೆ ಬಗ್ಗಿ ಒಳಗೆ ಬಂದ ರುದ್ರಾಣಿ ಅಲ್ಲೇ ನಿಂತುಬಿಟ್ಟಳು.

ಎದುರಿಗೆ ಒಬ್ಬ ಎತ್ತರದ ಯುವಕ. ಹೆಗಲ ಮೇಲೆ ಕಂದು ಬಣ್ಣದ ಹಳೆಯ ಶಾಲು. ಕೈಯಲ್ಲಿ ಈಟಿಯಂತೆ ಹಿಡಿದ ಮರದ ಸೌಟು. ಅವನ ಕಣ್ಣು ನೇರವಾಗಿ ಅವಳ ಕಣ್ಣಿಗೇ ನೆಟ್ಟಿತ್ತು.

ಈ ಪ್ರಶ್ನೆ ಕೇಳುವವರು ಒಂದು ದಿನ ಬಂದೇ ಬರುತ್ತಾರೆ ಎಂದು ಹದಿನಾಲ್ಕು ತಿಂಗಳಿಂದ ಅವಳು ಹೆದರಿಕೊಂಡೇ ಇದ್ದಳು.

"ಸಾರಿ... ಅಡ್ರೆಸ್ ತಪ್ಪಾಯ್ತು ಅನ್ಸುತ್ತೆ," ಎಂದು ಹೊರಗೆ ಹೋಗಲು ಮತ್ತೆ ಬಗ್ಗಿದಳು.

"ಏ ತಂಗಿ, ಎಲ್ಲಿಗ್ ಹೊಂಟಿ? ಅಂವ ಕಿರಣಗ ಕೇಳಾಕತ್ತಾನ, ನಿನಗಲ್ಲ," ಎಂದಿತು ಒಳಗಿಂದ ನೀಲಕ್ಕನ ದನಿ.

ಆಗಲೇ ರುದ್ರಾಣಿಗೆ ಮೇಜು ಕಂಡದ್ದು. ಅದರ ಮೇಲೆ ಕೈಯಿಂದ ಬರೆದ ದೊಡ್ಡ ನಕ್ಷೆ, ಬಣ್ಣಬಣ್ಣದ ಡೈಸ್, ಒಂದು ಬಟ್ಟಲು ಚುರುಮುರಿ. ಒಂದು ಬದಿಗೆ ನೀಲಕ್ಕ, ಇನ್ನೊಂದು ಬದಿಗೆ ಬಸ್ ಡ್ರೈವರ್ ಕಿರಣಕುಮಾರ. ಅವನ ಪಾತ್ರ ಆಗತಾನೆ ಕೋಟೆಯ ಬಾಗಿಲಿಗೆ ಬಂದು ನಿಂತಿತ್ತು. ಸೌಟು ಹಿಡಿದವನು ಆ ಕೋಟೆಯ ಕಾವಲುಗಾರ.

ಕಾವಲುಗಾರನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ತಾನು ಇಂದ್ರೇಶ್, ಹಾಸನದವನು, ಹೆದರಿಸಬೇಕೆಂದಿರಲಿಲ್ಲ ಎಂದು ತಡವರಿಸಿದ.

ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತು ಹೀಗೆ ನಕ್ಕು...

ರುದ್ರಾಣಿ ವೆರಿಬೀ ಎಂಬ ಉಪನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಧಾರವಾಡದ ನೀಲಕ್ಕ ಚೈಲ್ಡ್‌ಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು. ಕನ್ನಡಕ ಮಾಡಿಸಲು ಬಂದವಳು ಈ ಒಂಟಿ ಹುಡುಗಿ ಕನ್ನಡದವಳೆಂದು ಗುರುತು ಹಿಡಿದಳು. ಪಕ್ಕದ ವಿಂಡಮ್ ವೇಲ್‌ನ ತನ್ನ ಮನೆಯಲ್ಲಿ ಶನಿವಾರ ಮಧ್ಯಾಹ್ನ ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜಿನಲ್ಲಿ ಒಂದು ಆಟ ಆಡುತ್ತೇವೆ, ಬಂದು ನೋಡು ಎಂದು ಕರೆದಿದ್ದಳು.

ಆಟ ಸರಳ. ಪ್ರತಿಯೊಬ್ಬರಿಗೂ ತಾವೇ ಕಟ್ಟಿಕೊಂಡ ಒಂದು ಪಾತ್ರ. ಇಂದ್ರೇಶ್ ಕಥೆ ನಡೆಸುತ್ತಾನೆ. ಬೆಟ್ಟ, ಗುಹೆ, ರಾಕ್ಷಸ, ಕಾವಲುಗಾರ ಎಲ್ಲವೂ ಅವನೇ. ನಾನು ಇಂಥದ್ದು ಮಾಡುತ್ತೇನೆ ಎಂದು ಹೇಳಿ ಡೈಸ್ ಹಾಕಬೇಕು. ಅದು ಸಾಧ್ಯವಾಯಿತೋ ಇಲ್ಲವೋ ಎಂದು ಬಿದ್ದ ಸಂಖ್ಯೆ ಹೇಳುತ್ತದೆ.

"ನಿಮಗೆ ಯಾವ ಥರದ ಪಾತ್ರ ಬೇಕು?" ಇಂದ್ರೇಶ್ ಒಂದು ಖಾಲಿ ಹಾಳೆಯನ್ನು ಅವಳ ಮುಂದೆ ಸರಿಸಿದ. "ಯೋಧ ಇದ್ದಾರೆ, ಅದು ನೀಲಕ್ಕ. ಮಂತ್ರವಾದಿ ಕಿರಣ. ನಮಗೆ ಇಲ್ಲದೇ ಇರೋದು ರೋಗ್."

"ಹಂಗಂದ್ರೆ?"

ಬೀಗ ತೆಗೆಯುವವಳು, ಸದ್ದಿಲ್ಲದೆ ನಡೆಯುವವಳು, ಗೋಡೆ ಹತ್ತುವವಳು ಎಂದು ಅವನು ವಿವರಿಸಿದ. ಅದರಲ್ಲಿ ಎರಡು ದಾರಿಯಂತೆ. ಒಂದು, ಬೇರೆಯವರ ಜೇಬಿಗೆ ಕೈ ಹಾಕುವ ಕಳ್ಳರದ್ದು. ಇನ್ನೊಂದು, ಯಾರೂ ಹೋಗದ ಜಾಗಕ್ಕೆ ಮೊದಲು ಹೋಗಿ ನೋಡಿ ಬರುವ ಶೋಧಕರದ್ದು.

ಕಳ್ಳತನ ತನ್ನಿಂದಾಗದು, ಎರಡನೆಯದೇ ಇರಲಿ ಎಂದಳು ರುದ್ರಾಣಿ.

ಆ ಮಧ್ಯಾಹ್ನವೆಲ್ಲ ಅವರಿಬ್ಬರೂ ಮೇಜಿನ ತುದಿಯಲ್ಲಿ ಕೂತು ಒಬ್ಬಳನ್ನು ಕಟ್ಟಿದರು. ಡೈಸ್ ಹಾಕಿ ಬಂದ ಸಂಖ್ಯೆಗಳಲ್ಲಿ ದೊಡ್ಡದನ್ನು ಚುರುಕಿಗೆ ಕೊಟ್ಟರು, ಚಿಕ್ಕದನ್ನು ಬಲಕ್ಕೆ. ಗೋಡೆ ಹತ್ತುವುದು ಬಂತು, ನಕ್ಷೆ ಓದುವುದು ಬಂತು, ಹಕ್ಕಿಯ ದನಿಯಲ್ಲಿ ಶಿಳ್ಳೆ ಹಾಕುವುದೂ ಬಂತು. ಚೀಲದಲ್ಲಿ ಹಗ್ಗ, ಸೀಮೆಸುಣ್ಣ, ಸಣ್ಣ ಲಾಂದ್ರ. ಕಟಗರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ಯಾವ ಕಾಡಿಗೂ ಕಳಿಸುವುದಿಲ್ಲ ಎಂದು ನೀಲಕ್ಕ ಹಟ ಹಿಡಿದಾಗ ಅವೂ ಸೇರಿದವು.

ಯಾವುದಾದರೂ ಎರಡು ವಿದ್ಯೆಯಲ್ಲಿ ಅವಳು ಎಲ್ಲರಿಗಿಂತ ಮೇಲಿರಬಹುದು, ಆರಿಸಿಕೊಳ್ಳಿ ಎಂದ ಇಂದ್ರೇಶ್.

ರುದ್ರಾಣಿ ಯೋಚಿಸದೆ ಬರೆದಳು: ಅಡಗಿಕೊಳ್ಳುವುದು. ನುಣುಚಿಕೊಳ್ಳುವುದು.

ಅವನು ಆ ಎರಡು ಪದಗಳ ಕೆಳಗೆ ಬೆರಳಿಟ್ಟ. "ಇದೆಲ್ಲ ತಪ್ಪಿಸಿಕೊಳ್ಳೋಕೆ ಬೇಕಾಗೋದು. ಇವಳು ಹುಡುಕ್ತಾ ಇರೋದು ಏನನ್ನ?"

ಮುಖಕ್ಕೆ ಬಿದ್ದ ಕೂದಲನ್ನು ಸರಿಸಿ ಅವಳು ನಕ್ಕುಬಿಟ್ಟಳು. ಅವನು ಒತ್ತಾಯ ಮಾಡಲಿಲ್ಲ. ಹೆಸರಿನ ಜಾಗದಲ್ಲಿ ಅವಳು 'ಮಿಂಚುಳ್ಳಿ' ಎಂದು ಬರೆದಾಗ, ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿನೋಡಿದ. ಅವನ ಬಾಯಲ್ಲಿ ಅದು ಇನ್ನೂ ಚೆಂದ ಎನಿಸಿತು ಅವಳಿಗೆ...

ಹಾಳೆಯ ಕೊನೆಯ ಅರ್ಧ ಪುಟ ಖಾಲಿ ಉಳಿದಿತ್ತು. ಅದನ್ನು ಮನೆಯಲ್ಲಿ ತುಂಬಿ ತನಗೆ ಮಾತ್ರ ಕೊಡಬೇಕು ಎಂದ. ಮೂರೇ ಪ್ರಶ್ನೆ. ಬೆಳೆದದ್ದು ಎಲ್ಲಿ? ಊರು ಬಿಟ್ಟದ್ದು ಯಾಕೆ? ಹಿಂದೆ ಬಿಟ್ಟು ಬಂದದ್ದು ಯಾರನ್ನು?

ಇಲ್ಲೇ ರುದ್ರಾಣಿ ತಪ್ಪಿದ್ದು. ಆ ತಪ್ಪು ಯಾಕೆ ಆಯಿತೆಂದರೆ...

ಸ್ಟೂಡೆಂಟ್ ವೀಸಾ, ಅದಾದ ಮೇಲೆ ಕೆಲಸದ ವೀಸಾ, ಅದಾದ ಮೇಲೆ ಇಲ್ಲೇ ನೆಲೆಸಲು ಪಿಆರ್. ಎಂಟು ವರ್ಷ ಈ ದೇಶದಲ್ಲಿ ಅವಳು ಅರ್ಜಿ ತುಂಬುತ್ತಲೇ ಬದುಕಿದ್ದಳು. ಒಂದು ಕಾಲಂ ಖಾಲಿ ಬಿಡಬಾರದು. ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆಯಬೇಕು. ಕೊನೆಗೆ, ಮೇಲೆ ಹೇಳಿದ್ದೆಲ್ಲ ಸತ್ಯ ಎಂದು ಸಹಿ ಹಾಕಬೇಕು. ಊರು ಬಿಟ್ಟದ್ದು ಯಾಕೆ ಎಂದು ಯಾವ ಕಾಗದ ಕೇಳಿದರೂ ಅವಳ ಕೈ ನಿಜವನ್ನೇ ಬರೆಯುತ್ತಿತ್ತು.

ಆ ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. ಮಿಂಚುಳ್ಳಿ ಬೆಟ್ಟದ ಕೋಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಒಳ್ಳೆಯವನೊಬ್ಬನಿಗೆ ಅವಳನ್ನು ಕೊಡುವ ಮಾತಾಯಿತು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಿಶ್ಚಿತಾರ್ಥಕ್ಕೆ ಮೂರು ದಿನ ಇರುವಾಗ ಫ್ರಿಜ್ ಮೇಲೆ... ಅಲ್ಲಿ ಪೆನ್ನು ನಿಂತಿತು. ಕೋಟೆಯಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಅದನ್ನು ಹೊಡೆದು 'ಒಲೆಯ ಪಕ್ಕ' ಎಂದು ತಿದ್ದಿದಳು. ಒಲೆಯ ಪಕ್ಕ ಒಂದು ಚೀಟಿ ಇಟ್ಟು, ಯಾರಿಗೂ ಹೇಳದೆ ಹೊರಟುಹೋದಳು.

ಬೆಟ್ಟದ ಕೋಟೆ ಅಂದರೆ ಸಿಡ್ನಿಯ ರೌಸ್ ಹಿಲ್. ಚಿಕ್ಕಮ್ಮ ಅಂದರೆ ಜಲಜಾ ಚಿಕ್ಕಮ್ಮ. ಆ ಒಳ್ಳೆಯವನ ಹೆಸರು ಆದರ್ಶ್. ಉಳಿದದ್ದೆಲ್ಲ ಇದ್ದದ್ದು ಇದ್ದಂತೆಯೇ.

ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟೆ ಎಂದುಕೊಂಡಾಗ ಭಯವೂ ಆಯಿತು, ಹಗುರವೂ ಆಯಿತು.

ಮುಂದಿನ ಶನಿವಾರ ಇಂದ್ರೇಶ್ ಒಂದು ಮೂಲೆಗೆ ಹೋಗಿ ಅದನ್ನು ಓದಿದ. ಅವಳು ಡೈಸ್‌ಗಳನ್ನು ಸುಮ್ಮನೆ ಬಣ್ಣದ ಪ್ರಕಾರ ಜೋಡಿಸುತ್ತ ಕೂತಿದ್ದಳು. ಅವನು ಬಂದು, ತಲೆ ಬಗ್ಗಿಸಿ, ಅವಳಿಗಷ್ಟೇ ಕೇಳುವಂತೆ ಹೇಳಿದ:

"ತುಂಬಾ ಇಷ್ಟ ಆಯ್ತು. ಮಿಂಚುಳ್ಳಿ ಮೇಲೆ ನನಗೆ ಕೋಪ ಬರ್ಲಿಲ್ಲ."

ಅವಳಿಗೆ ಕಣ್ಣು ತುಂಬಿ ಬಂತು. ಎಲ್ಲ ಗೊತ್ತಾದ ಮೇಲೂ ಒಬ್ಬ ಮನುಷ್ಯ ಹೀಗೆ ಹೇಳಬಹುದೇ...

ಅಲ್ಲಿಂದ ಮುಂದಿನ ಶನಿವಾರಗಳೆಲ್ಲ ಕನಸಿನಂತೆ ಹೋದವು. ಮಿಂಚುಳ್ಳಿ ಹಗ್ಗ ಎಸೆದು ಜಲಪಾತದ ಹಿಂದಿನ ಗುಹೆ ಹತ್ತಿದಳು. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಉಳಿದಿಬ್ಬರಿಗೆ ದಾರಿ ತೋರಿಸಿದಳು. ಒಮ್ಮೆ ಕಿರಣಕುಮಾರನ ಅರ್ಧ ಪುಟದಲ್ಲಿದ್ದ ಸತ್ತ ಕುದುರೆ ದೆವ್ವವಾಗಿ ಬಂದು ಅವನನ್ನೇ ಅಟ್ಟಿಸಿಕೊಂಡು ಹೋದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ರುದ್ರಾಣಿಯೇ.

ಆಟ ಮುಗಿದ ಮೇಲೆ ಇಂದ್ರೇಶ್ ಅವಳ ಜೊತೆ ಸ್ಟೇಷನ್‌ವರೆಗೂ ನಡೆದು ಬರುತ್ತಿದ್ದ. ಅವನ ಕೆಲಸ ಹೊಸ ಲೇಔಟ್‌ಗಳ ಸರ್ವೆ. ಇನ್ನೂ ಹುಟ್ಟದ ಬೀದಿಗಳೆಲ್ಲ ಅವನಿಗೆ ಬಾಯಿಪಾಠ. ಒಣಹುಲ್ಲು ಗಾಳಿಗೆ ಬಾಗುವ ಬಯಲಿನಲ್ಲಿ ನಿಂತು, ಇಲ್ಲಿ ಒಂದು ಪಾರ್ಕ್ ಬರುತ್ತೆ, ಅಲ್ಲಿ ಒಂದು ಶಾಲೆ ಬರುತ್ತೆ ಎನ್ನುತ್ತಿದ್ದ. ಒಂದು ಸಂಜೆ, ಇಲ್ಲೊಂದು ರೌಂಡಬೌಟ್ ಬರುತ್ತೆ ಎಂದ. ಏನೂ ಇಲ್ಲದ ಆ ಹುಲ್ಲಿನ ಮೇಲೆ ಇಬ್ಬರೂ ಗಂಭೀರವಾಗಿ ಒಂದು ಸುತ್ತು ಹಾಕಿ, ನಿಯಮದಂತೆ ಎಡಕ್ಕೆ ತಿರುಗಿ ಹೊರಗೆ ಬಂದರು.

ಅವಳ ಕೈ ಅವನ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ. ಇಬ್ಬರೂ ಏನೂ ಹೇಳಲೂ ಇಲ್ಲ.

ಹೇಳಬೇಕಾದ್ದು ಏನಿದೆ, ಇವರಿಗೆ ನನ್ನ ವಿಷಯ ಎಲ್ಲ ಗೊತ್ತು... ಎಂದುಕೊಂಡಳು ಅವಳು.

ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಮೂವರು ಪಾತ್ರಧಾರಿಗಳೂ ಒಂದು ಬೆಟ್ಟದ ಕೋಟೆ ತಲುಪಿದರು. ಇಂದ್ರೇಶ್ ಆ ದಿನ ಶಾಲು ಹೊದೆಯಲಿಲ್ಲ, ದನಿ ಬದಲಿಸಲಿಲ್ಲ. ಬಾಗಿಲ ಬಳಿ ಒಬ್ಬ ಗಂಡಸು ಕೂತಿದ್ದಾನೆ, ಎದುರಿಗೆ ಬಾಡಿದ ಹೂವಿನ ತಟ್ಟೆ ಇದೆ ಎಂದು ಮೆಲ್ಲಗೆ ಹೇಳಿದ. ಆಮೇಲೆ ಮೇಜಿನಾಚೆಯಿಂದ ರುದ್ರಾಣಿಯ ಮುಖವನ್ನೇ ನೋಡುತ್ತ, ಆ ಗಂಡಸಾಗಿ ಕೇಳಿದ:

"ಮಿಂಚುಳ್ಳಿ, ಬೇಡ ಅಂದಿದ್ರೆ ನಾನು ಸುಮ್ಮನೆ ಹೋಗ್ತಿದ್ದೆ. ಹೇಳದೆ ಯಾಕೆ ಹೋದೆ?"

"ಏನ್ ಮೇಡಂ, ಮದುವೆ ಗಂಡನ್ನೇ ಬಿಟ್ಟು ಓಡ್ಬಂದಿದ್ದೀರಾ?" ಕಿರಣಕುಮಾರ ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತ ನಕ್ಕ. "ಇನ್ಮೇಲೆ ನಿಮ್ಮ ಹಗ್ಗ ನಂಬ್ಕೊಂಡು ಹೆಂಗೆ ಹತ್ತೋದು ನಾವು?"

ರುದ್ರಾಣಿಯ ಕೈಯಲ್ಲಿದ್ದ ಡೈಸ್ ಜಾರಿ ನೆಲಕ್ಕೆ ಬಿತ್ತು. ಯಾವ ಸಂಖ್ಯೆ ಬಂತೆಂದು ಯಾರೂ ನೋಡಲಿಲ್ಲ.

ನಂಬಿ ಕೊಟ್ಟ ಗುಟ್ಟನ್ನು ಎಲ್ಲರ ಮುಂದೆ ಬಿಚ್ಚಿಟ್ಟನಲ್ಲ... ಕೋಪ ಬರಲಿಲ್ಲ ಎಂದವನು ಇಷ್ಟು ದಿನ ಕಾದು ವಿಚಾರಣೆಗೆ ನಿಲ್ಲಿಸಿದನಲ್ಲ...

ತಲೆನೋವು ಎಂದಳು. ಚೀಲ ತೆಗೆದುಕೊಂಡಳು. ಇಂದ್ರೇಶ್ ಗಾಬರಿಯಿಂದ ಎದ್ದು ಬರುವಷ್ಟರಲ್ಲಿ ಅವಳು ರಸ್ತೆಯ ತಿರುವು ದಾಟಿಯಾಗಿತ್ತು.

ಆ ರಾತ್ರಿ ಅವನು ಮೂರು ಸಲ ಫೋನ್ ಮಾಡಿದ. ಅವಳು ತೆಗೆಯಲಿಲ್ಲ. ಸೋಮವಾರ ಅಂಗಡಿಯಲ್ಲಿ ಮ್ಯಾನೇಜರ್, ಬ್ರಿಸ್ಬೇನ್ ಶಾಖೆಗೆ ಒಬ್ಬರು ಬೇಕಾಗಿದ್ದಾರೆ, ಶುಕ್ರವಾರದೊಳಗೆ ಹೇಳಿ ಎಂದಾಗ, ಅವಳ ಬಾಯಲ್ಲಿ 'ಹೂಂ' ಅರ್ಧ ಬಂದೇಬಿಟ್ಟಿತ್ತು. ಯಾರ ಗುರುತೂ ಇಲ್ಲದ ಇನ್ನೊಂದು ಊರು. ಮತ್ತೆ ಹೊಸದಾಗಿ ಶುರು. ಎಷ್ಟು ಸುಲಭ...

ಮಂಗಳವಾರ ನೀಲಕ್ಕ ಸಡಿಲವಾದ ಕನ್ನಡಕ ಹಿಡಿದುಕೊಂಡು ಅಂಗಡಿಗೆ ಬಂದಳು. ಸ್ಕ್ರೂ ಬಿಗಿಮಾಡುತ್ತಿದ್ದ ರುದ್ರಾಣಿಗೆ, ಈ ಶನಿವಾರ ಆಟ ಬೇಡ ಅಂದುಬಿಟ್ಟಿದ್ದಾನೆ ಇಂದ್ರೇಶ್, ಊಟ ಸಹ ಸರಿಯಾಗಿ ಮಾಡುತ್ತಿಲ್ಲ ಎಂದಳು.

"ಅವರು ಹಂಗೆ ಎಲ್ಲರ ಮುಂದೆ ಕೇಳಬಾರದಿತ್ತು ಅಕ್ಕ."

"ಆಟದಾಗ ಕೇಳಲಿಕ್ಕೇ ಅಲ್ಲೇನವ್ವ ಆ ಅರ್ಧ ಪುಟ ಬರಸೂದು? ಕಿರಣನ ಕುದುರಿ ಬಂದಾಗ ನೀನೂ ನಕ್ಕೆಲ್ಲ. ನನ್ನ ಚೀಟಿಯೊಳಗ ನಾ ಏನ್ ಬರದೇನಿ ಗೊತ್ತೈತೇನ? ನಮ್ಮವ್ವ ಕರಡಿ, ನಮ್ಮಪ್ಪ ಗುಡುಗು ಅಂತ."

ರುದ್ರಾಣಿಯ ಕೈ ನಿಂತಿತು.

"ಎಲ್ಲಾರೂ... ಸುಳ್ಳು ಬರೀತಾರಾ?"

"ಸುಳ್ಳಲ್ಲ, ಕತಿ. ನೀ ಏನ್ ಖರೇ ಬರದೀಯೇನ?" ಎಂದು ನಗಲು ಹೊರಟ ನೀಲಕ್ಕ ಅವಳ ಮುಖ ನೋಡಿ ಹತ್ತಿರ ಬಾಗಿದಳು. ಆಮೇಲೆ ಮೆಲ್ಲಗೆ ಕೌಂಟರ್ ಮೇಲೆ ಅವಳ ಕೈ ಹಿಡಿದುಕೊಂಡಳು. "ಅಂವಗ ಗೊತ್ತಿಲ್ಲ ತಂಗಿ. ದೇವರಾಣಿ ಗೊತ್ತಿಲ್ಲ. ಇಷ್ಟು ಛಲೋ ಕತಿ ಯಾರೂ ಬರದಿಲ್ಲ, ಅದಕ್ಕ ತಕ್ಕ ಒಂದು ಸೀನ್ ಮಾಡಬೇಕಂತ ತಿಂಗಳಗಟ್ಟಲೆ ತಯಾರಿ ಮಾಡ್ಕೊಂಡಿದ್ದ."

ನೀಲಕ್ಕ ಹೋದ ಮೇಲೆ ರುದ್ರಾಣಿ ಹಿಂದಿನ ಕೋಣೆಯಲ್ಲಿ ಲೆನ್ಸ್‌ಗಳ ಡಬ್ಬಗಳ ನಡುವೆ ಕೂತಳು. ಹಾಗಾದರೆ ಆ ಕನಸಿನಂಥ ಸಂಜೆಗಳಲ್ಲಿ ಅವನು ತನ್ನನ್ನು ಕ್ಷಮಿಸಿರಲಿಲ್ಲ. ಕ್ಷಮಿಸುವಂಥದ್ದು ಇದೆ ಎಂದೇ ಅವನಿಗೆ ತಿಳಿದಿರಲಿಲ್ಲ. ತಾನು ಹೇಳಿಯೇ ಇರಲಿಲ್ಲ. ಇನ್ನೊಮ್ಮೆ ಒಂದು ಕಾಗದದ ಮೇಲೆ ಬರೆದಿಟ್ಟು ಬಂದಿದ್ದಳು, ಅಷ್ಟೇ.

ಅವನಿಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು ಇಟ್ಟಳು. ಅವನ ಎದುರು ನಿಲ್ಲುವ ಮೊದಲು ನಿಲ್ಲಬೇಕಾದ ಬಾಗಿಲು ಇನ್ನೊಂದಿತ್ತು.

ಗುರುವಾರ ಅವಳಿಗೆ ರಜೆ. ಬೆಳಗಿನ ವಿಮಾನ ಹತ್ತಿ, ಸಿಡ್ನಿಯಲ್ಲಿಳಿದು, ಮೆಟ್ರೋದಲ್ಲಿ ರೌಸ್ ಹಿಲ್ ತಲುಪಿದಾಗ ಹನ್ನೊಂದು ಗಂಟೆ. ಆ ಮನೆಯ ಮುಂದಿನ ಕರಿಬೇವಿನ ಕುಂಡ ದೊಡ್ಡದಾಗಿತ್ತು. ಅವಳು ಬೆಲ್ ಒತ್ತಿದಳು.

ಜಲಜಾ ಚಿಕ್ಕಮ್ಮ ಕೊರಳಲ್ಲಿ ಅಳತೆ ಟೇಪ್ ಹಾಕಿಕೊಂಡು ಬಂದರು; ಮನೆಯಲ್ಲೇ ರವಿಕೆ ಹೊಲಿದುಕೊಡುವುದು ಅವರ ಕೆಲಸ. ಬಾಗಿಲು ತೆಗೆದವರು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗೆ ಹೋಗಿ ಮತ್ತೆ ಮೆಷಿನ್ ಮುಂದೆ ಕೂತರು. ರುದ್ರಾಣಿ ಅವರ ಎದುರಿಗೆ ನೆಲದ ಮೇಲೆ ಕೂತಳು.

"ತಪ್ಪಾಯ್ತು ಚಿಕ್ಕಮ್ಮ. ಬೇಡ ಅನ್ನೋಕೆ ನಂಗೆ ಧೈರ್ಯ ಇರ್ಲಿಲ್ಲ."

ಮೆಷಿನ್ ಒಂದು ತೋಳಿನ ಉದ್ದಕ್ಕೂ ಓಡಿ ನಿಂತಿತು.

ಸಂಬಂಧ ತಪ್ಪಿದ್ದಕ್ಕೆ ಚಿಕ್ಕಮ್ಮ ಅವಳನ್ನು ಬೈಯಲಿಲ್ಲ. ಆದರ್ಶ್ ಒಂದು ತಿಂಗಳು ಸಪ್ಪಗಿದ್ದ, ಈಗ ಮದುವೆಯಾಗಿ ಚೆನ್ನಾಗಿದ್ದಾನೆ ಎಂದರು. ಆದರೆ ಆ ಬೆಳಿಗ್ಗೆ ತಾವು ಹಾಲು ತೆಗೆಯಲು ಹೋಗಿ ಫ್ರಿಜ್ ಮೇಲಿನ ಚೀಟಿ ನೋಡಿದ್ದನ್ನು ಹೇಳುವಾಗ ಅವರ ದನಿ ಒಡೆಯಿತು.

"ಒಂದು ಮಾತು ಹೇಳಿದ್ರೆ ನಾನೇ ಕಾರಲ್ಲಿ ಸ್ಟೇಷನ್‌ಗೆ ಬಿಟ್ಟು ಬರ್ತಿದ್ನಲ್ಲೇ. ದಾರಿಗೆ ಚಿತ್ರಾನ್ನ ಕಟ್ಟಿಕೊಡ್ತಿದ್ದೆ. ಅಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?"

ರುದ್ರಾಣಿ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮಡಿಲ ತುಂಬ ದಾರದ ತುಂಡುಗಳಿದ್ದವು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ, ಅಳಬೇಡ, ಗಿರಾಕಿಯ ರೇಷ್ಮೆ ನೆನೆಯುತ್ತೆ ಎಂದು ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳ ತಲೆ ಸವರಿದರು. ಮಧ್ಯಾಹ್ನ ಅವರ ಫೋನ್‌ನಿಂದಲೇ ಆದರ್ಶ್ ಜೊತೆಗೂ ಮಾತಾಡಿದಳು. ಆ ಕಡೆಯಿಂದ ಬಂದ ಕೊನೆಯ ಮಾತು, ಹೇಳಿದ್ದು ಒಳ್ಳೆಯದಾಯಿತು ಎಂಬುದಷ್ಟೆ.

ಶುಕ್ರವಾರ ಊಟದ ಬಿಡುವಿನಲ್ಲಿ ರುದ್ರಾಣಿ ವಿಂಡಮ್ ವೇಲ್‌ಗೆ ಹೋದಳು. ಅವನು ಯಾವ ಬಯಲಿನಲ್ಲಿದ್ದಾನೆಂದು ನೀಲಕ್ಕ ಹೇಳಿದ್ದಳು.

ಗಾಳಿ ಜೋರಾಗಿತ್ತು. ನೆಲಕ್ಕೆ ಹೊಡೆದ ಗೂಟಗಳ ತುದಿಯಲ್ಲಿ ಗುಲಾಬಿ ಪಟ್ಟಿಗಳು ಪಟಪಟ ಎನ್ನುತ್ತಿದ್ದವು. ಮೂರು ಕಾಲಿನ ಸ್ಟ್ಯಾಂಡ್ ಮೇಲಿನ ಸರ್ವೆ ಯಂತ್ರದ ಹಿಂದೆ ಇಂದ್ರೇಶ್ ಒಬ್ಬನೇ ಇದ್ದ. ಅವಳನ್ನು ನೋಡಿ ನೆಟ್ಟಗಾದ.

"ರುದ್ರಾಣಿ... ನಾನು ಆ ದಿನ..."

"ಮೊದಲು ನಾನು ಹೇಳ್ತೀನಿ. ಆಮೇಲೆ ನನ್ನಿಂದ ಆಗಲ್ಲ."

ಅವನು ತಲೆಯಾಡಿಸಿದ. ಆದರೆ ಅವನ ಮುಖದಲ್ಲಿ ಒಂದು ಒದ್ದಾಟ ಕಂಡಿತು. ಜೊತೆಯ ಕೆಲಸಗಾರ ಗೂಟ ತರಲು ಹೋಗಿದ್ದಾನೆ, ಮಳೆ ಬರುವ ಮೊದಲು ಒಂದೇ ಒಂದು ಅಳತೆ ಮುಗಿಸಬೇಕು, ಅಳತೆಯ ಕಂಬವನ್ನು ಎರಡು ನಿಮಿಷ ಹಿಡಿದು ನಿಲ್ಲಬಹುದೇ ಎಂದು ಬಹಳ ಸಂಕೋಚದಿಂದ ಕೇಳಿದ. ತನ್ನ ಕಿತ್ತಳೆ ಬಣ್ಣದ ಜಾಕೆಟ್ ಬಿಚ್ಚಿ ಕೊಟ್ಟ. ಅದಿಲ್ಲದೆ ಸೈಟಿನೊಳಗೆ ಯಾರೂ ಕಾಲಿಡುವಂತಿಲ್ಲ.

ಹೀಗೆ, ಮೊಣಕಾಲವರೆಗೆ ಇಳಿದ ಜಾಕೆಟ್ ತೊಟ್ಟು, ಕಂಬ ಹಿಡಿದು, ರುದ್ರಾಣಿ ಅವನಿಂದ ನಲವತ್ತು ಹೆಜ್ಜೆ ದೂರ ಹೋಗಿ ನಿಂತಳು. ಜೀವನದಲ್ಲಿ ಎಂದೂ ಜೋರಾಗಿ ಮಾತಾಡದವಳು ಈಗ ಗಾಳಿಗಿಂತ ಜೋರಾಗಿ ಮಾತಾಡಬೇಕಿತ್ತು.

"ಆ ಅರ್ಧ ಪುಟ ನಿಜ," ಎಂದಳು. "ನಾನೇ ಅದು. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಅವನು ಯಂತ್ರದಿಂದ ಕಣ್ಣು ತೆಗೆದ.

"ನಿನ್ನೆ ಸಿಡ್ನಿಗೆ ಹೋಗಿ ಎಲ್ಲರ ಹತ್ರ ಮಾತಾಡಿ ಬಂದೆ. ನಂಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಕೊಡ್ತೀವಿ ಅಂತಿದ್ದಾರೆ. ಇವತ್ತೇ ಹೇಳಬೇಕು. ನಾನು ಇಲ್ಲ ಅಂತೀನಿ. ನೀವು ಏನಂದ್ರೂ ನಾನು ಹೋಗಲ್ಲ, ಯಾಕಂದ್ರೆ..." ಉಸಿರು ಸಾಲಲಿಲ್ಲ. ಇನ್ನೊಮ್ಮೆ ಎಳೆದುಕೊಂಡಳು. "ಯಾಕಂದ್ರೆ ನಂಗೆ ನೀವು ಇಷ್ಟ. ಇದನ್ನ ಬರೆದು ಕೊಡೋಕೆ ನಂಗೆ ಇಷ್ಟ ಇಲ್ಲ."

ಅವನು ಯಂತ್ರದ ಪಕ್ಕಕ್ಕೆ ಬಂದು ನಿಂತ.

"ಆ ಕೋಟೆ ಬಾಗಿಲಲ್ಲಿ ಕೇಳಿದೆನಲ್ಲ..." ಗಾಳಿಯಲ್ಲಿ ಅವನ ದನಿ ತೇಲಿ ಬಂತು. "ಕೇಳುವಾಗ ಅದು ಆಟ ಅಂತ ನನಗೇ ಅನ್ನಿಸ್ಲಿಲ್ಲ. ಪ್ರತಿ ಶನಿವಾರ ನೀವು ಬರೋವರೆಗೂ ನಂಗೆ ಅದೇ ಭಯ. ಒಂದು ದಿನ ಬರದೇ ಹೋದ್ರೆ, ಯಾಕೆ ಅಂತ ಕೇಳೋ ಹಕ್ಕು ಕೂಡ ನಂಗೆ ಇರಲ್ವಲ್ಲ ಅಂತ."

ಅವಳ ಕಣ್ಣಿಗೆ ಬಯಲೆಲ್ಲ ಮಸುಕಾಯಿತು.

"ಈಗ ಕೇಳಬಹುದು," ಎಂದಳು.

ಅವನು ನಕ್ಕ. ಕೈಬೆರಳಿಂದ ಕಣ್ಣೊರೆಸಿಕೊಂಡು ಮತ್ತೆ ಯಂತ್ರಕ್ಕೆ ಬಗ್ಗಿದ. "ಕಂಬದ ಮೇಲೆ ಒಂದು ಸಣ್ಣ ಗಾಜು ಇದೆ, ನೋಡಿ. ಅದರೊಳಗಿನ ಗುಳ್ಳೆ ಮಧ್ಯದಲ್ಲಿ ನಿಂತ್ರೆ ಕಂಬ ನೆಟ್ಟಗಿದೆ ಅಂತ. ಮಧ್ಯಕ್ಕೆ ಬಂತಾ?"

ಅವಳು ನೋಡಿದಳು. ಹಸಿರು ನೀರಿನಲ್ಲಿ ಪುಟ್ಟ ಗುಳ್ಳೆ ಅತ್ತ ಇತ್ತ ಓಲಾಡುತ್ತಿತ್ತು.

"ಇಲ್ಲ... ನಿಲ್ತಾನೇ ಇಲ್ಲ. ಕೈ ನಡುಗ್ತಿದೆ."

ಇಂದ್ರೇಶ್ ಯಂತ್ರವನ್ನು ಅಲ್ಲೇ ಬಿಟ್ಟು, ಒಣಹುಲ್ಲು ದಾಟಿ ಅವಳ ಕಡೆಗೆ ನಡೆದು ಬಂದ. ಕಂಬದ ಮೇಲಿದ್ದ ಅವಳ ಕೈಗಳ ಮೇಲೆ ತನ್ನ ಎರಡೂ ಕೈ ಇಟ್ಟ.

"ಈಗ?"

ಇಬ್ಬರೂ ಬಗ್ಗಿ ನೋಡಿದರು.

"ಇನ್ನೂ ಜಾಸ್ತಿ ಆಯ್ತು," ಎಂದಳು ರುದ್ರಾಣಿ.

"ಇರಲಿ ಬಿಡಿ. ಮಳೆ ಬಂದ್ರೆ ನಾಳೆ ಅಳೆದರಾಯ್ತು."